ವರ್ಷದ ಲೆಕ್ಕ ಕೊಡಬೇಕಾದವರು

ಗುಂಡ್ಲುಪೇಟೆ ತಾಲೂಕಿನ ಹಳ್ಳಿಯೊಂದರ ಮಸೀದಿಯ ಜಗಲಿಯಲ್ಲಿ ಕುಳಿತು ಪಿಂಚಣಿಯ ಅರ್ಜಿಗಳನ್ನು ತುಂಬಿಕೊಡುತ್ತಿದ್ದ ತರುಣನೊಬ್ಬ ವೃದ್ಧೆಯೊಬ್ಬರನ್ನು ಕೇಳಿದ: "ದಾದಿ, ನಿಮಗೆ ಎಷ್ಟು ವರ್ಷ?" ಆಕೆ ತುಸು ಹೊತ್ತು ಯೋಚಿಸಿ ಹೇಳಿದರು: "ನನ್ನ ನಿಕಾಹ್ ಆದ ವರ್ಷ ಕೆರೆ ಕೋಡಿ ಬಿದ್ದಿತ್ತು ಮಗಾ. ಅದಕ್ಕೆ ಎರಡು ವರ್ಷ ಹಿಂದೆ ಬರಗಾಲ. ನೀನೇ ಲೆಕ್ಕ ಹಾಕಿಕೋ." ತರುಣ ಆಕೆಯ ಕಾಗದಗಳನ್ನು ಬಿಡಿಸಿ ನೋಡಿದ. ಮತದಾರರ ಗುರುತುಪತ್ರದಲ್ಲಿ ಒಂದು ವಯಸ್ಸು, ಪಡಿತರ ಚೀಟಿಯಲ್ಲಿ ಇನ್ನೊಂದು. ಆಧಾರ್ ಕಾರ್ಡಿನಲ್ಲಿ ದಿನವೂ ಇಲ್ಲ, ತಿಂಗಳೂ ಇಲ್ಲ, ಬರೇ ಜನ್ಮವರ್ಷ. ಆ ಲೆಕ್ಕದ ಪ್ರಕಾರ ಆಕೆಗೆ ಇನ್ನೂ ಅರವತ್ತೆರಡು. ಮುಖ ನೋಡಿದರೆ ಎಪ್ಪತ್ತು ದಾಟಿದೆ. ಸಂಧ್ಯಾ ಸುರಕ್ಷಾ ಯೋಜನೆಗೆ 65 ತುಂಬಿರಬೇಕು. ಅರ್ಜಿ ಅಲ್ಲಿಗೇ ನಿಂತಿತು.

ಈ ದೃಶ್ಯವನ್ನು ಕಣ್ಣಾರೆ ಕಂಡ ಬಳಿಕ ನಮಗೆ ಅನಿಸಿದ್ದೇನೆಂದರೆ, ಆ ತಾಯಿ ತಪ್ಪು ಹೇಳಿರಲಿಲ್ಲ. ಅವರು ವರ್ಷ ಎಂಬ ಪದವನ್ನು ಅದರ ಅತ್ಯಂತ ಹಳೆಯ ಅರ್ಥದಲ್ಲಿ ಬಳಸಿದ್ದರು. ತರುಣನು ಕಚೇರಿಯ ಅರ್ಥದಲ್ಲಿ ಕೇಳಿದ್ದ. ಎರಡು ಅರ್ಥಗಳ ನಡುವಿನ ಕಂದಕಕ್ಕೆ ಒಬ್ಬ ಬಡವೆಯ ಪಿಂಚಣಿ ಬಿದ್ದು ಹೋಯಿತು.

ವರ್ಷ ಎಂದರೆ ಮೂಲತಃ ಮಳೆ. ಸುರಿಯುವುದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಪದವಿದು. ವರ್ಷಧಾರೆ, ವರ್ಷಋತು ಎಂದಾಗ ನಾವು ಇಂದಿಗೂ ಆ ಅರ್ಥವನ್ನೇ ಆಡುತ್ತೇವೆ. ಒಂದು ಮಳೆಗಾಲದಿಂದ ಮತ್ತೊಂದು ಮಳೆಗಾಲದವರೆಗಿನ ಅವಧಿಯೇ ವರ್ಷವಾಯಿತು. ಶತಾಬ್ದ, ಸಹಸ್ರಾಬ್ದ ಎನ್ನುವಾಗ ಬರುವ 'ಅಬ್ದ'ವೂ ಹಾಗೆಯೇ: ನೀರು ಕೊಡುವುದು, ಅಂದರೆ ಮೋಡ. ಕಾಲವನ್ನು ಅಳೆಯಲು ನಮ್ಮ ಪೂರ್ವಿಕರು ಗೋಡೆಯ ಕ್ಯಾಲೆಂಡರನ್ನಲ್ಲ, ಆಕಾಶವನ್ನು ನೋಡುತ್ತಿದ್ದರು.

ಚಾಮರಾಜನಗರ ಜಿಲ್ಲೆಯಲ್ಲಿ ಈ ಅರ್ಥ ಇನ್ನೂ ಸತ್ತಿಲ್ಲ. ನೀಲಗಿರಿ ಮತ್ತು ವಯನಾಡಿನ ಬೆಟ್ಟಗಳ ಮಳೆನೆರಳಿನಲ್ಲಿರುವ ಈ ಬಯಲಿಗೆ ಮುಂಗಾರು ಮಲೆನಾಡಿಗೆ ಸುರಿದಂತೆ ಸುರಿಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಒಂದಿಷ್ಟು, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಂದಿಷ್ಟು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಹದಿಮೂರು ಹದಿನಾಲ್ಕು ದಿನಗಳ ಮಳೆ ನಕ್ಷತ್ರಗಳನ್ನು ಎಣಿಸುತ್ತಾ ರೈತ ಬಿತ್ತನೆಗೆ ಇಳಿಯುತ್ತಾನೆ. ಆತ ಲಿಂಗಾಯತನಾಗಲಿ, ದಲಿತನಾಗಲಿ, ಉಪ್ಪಾರನಾಗಲಿ, ಮುಸಲ್ಮಾನನಾಗಲಿ, ಈ ಎಣಿಕೆಯಲ್ಲಿ ಭೇದವಿಲ್ಲ. ರಮಝಾನಿನ ಚಂದ್ರದರ್ಶನಕ್ಕಾಗಿ ಪಡುವಣಕ್ಕೆ ಕಣ್ಣು ನೆಡುವ ರೈತನೇ ಮರುದಿನ ಹೊಲದಲ್ಲಿ ಭರಣಿ ಮಳೆಯ ಬಗ್ಗೆ ಮಾತಾಡುತ್ತಾನೆ. ಅದರಿಂದ ಆತನ ಈಮಾನ್‌ಗೆ ಯಾವ ಧಕ್ಕೆಯೂ ಆದದ್ದು ನಾವು ಕಂಡಿಲ್ಲ.

ಇನ್ನು ಗುಂಡ್ಲುಪೇಟೆಯ ಚೆಂಡುಹೂವಿನ ಬೆಳೆಗಾರನಿಗೆ ಇನ್ನೊಂದು ವರ್ಷವೂ ಗೊತ್ತು. ಗಡಿಯಾಚೆಯ ಮಲಯಾಳಿಗಳ ಕೊಲ್ಲವರ್ಷ ಆಗಸ್ಟ್ ಮಧ್ಯದಲ್ಲಿ, ಚಿಂಗಂ ತಿಂಗಳೊಂದಿಗೆ ಹುಟ್ಟುತ್ತದೆ. ಕ್ರಿ.ಶ. 825ರಿಂದ ಎಣಿಸುವ ಆ ಶಕೆಗೆ 2024ರ ಆಗಸ್ಟ್‌ನಲ್ಲಿ 1200 ಆಯಿತು. ಓಣಂನ ಪೂಕಳಕ್ಕೆ ಬೇಕಾದ ಹೂವು ಇಲ್ಲಿಂದ ಬಂಡೀಪುರದ ಕಾಡು ದಾಟಿ ಹೋಗಬೇಕು. 2009ರಿಂದ ಆ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಸಂಜೆಯೊಳಗೇ ಲಾರಿ ಹೊರಡಬೇಕು. ನೆರೆರಾಜ್ಯದ ಹೊಸ ವರ್ಷ ಇಲ್ಲಿಯ ರೈತನ ವರ್ಷದ ಸಾಲ ತೀರಿಸುತ್ತದೆ, ಇಲ್ಲವೇ ತೀರಿಸುವುದಿಲ್ಲ.

ಮದ್ರಸದಲ್ಲಿ ಓದುವಾಗ ನಮ್ಮ ಉಸ್ತಾದರು ಅರಬಿಯ ಎರಡು ಪದಗಳ ಬಗ್ಗೆ ಹೇಳುತ್ತಿದ್ದುದು ಇಲ್ಲಿ ನೆನಪಾಗುತ್ತದೆ. ವರ್ಷಕ್ಕೆ 'ಸನಃ' ಎಂಬ ಪದವೂ ಇದೆ, 'ಆಮ್' ಎಂಬುದೂ ಇದೆ. ಪ್ರವಾದಿ ನೂಹ್(ಅ)ರು ತಮ್ಮ ಜನರ ನಡುವೆ ಬಾಳಿದ ಕಾಲವನ್ನು ಹೇಳುವಲ್ಲಿ ಪವಿತ್ರ ಕುರ್‌ಆನ್ ಒಂದೇ ವಾಕ್ಯದಲ್ಲಿ ಸಾವಿರಕ್ಕೆ ಮೊದಲನೆಯ ಪದವನ್ನೂ ಅದರಲ್ಲಿ ಕಳೆಯಬೇಕಾದ ಐವತ್ತಕ್ಕೆ ಎರಡನೆಯ ಪದವನ್ನೂ ಬಳಸಿದೆ. 'ಸನಃ' ಎಂಬುದರಲ್ಲಿ ಕಷ್ಟದ, ಬರದ ಛಾಯೆಯಿದೆ, 'ಆಮ್' ಎಂಬುದರಲ್ಲಿ ಸಮೃದ್ಧಿಯ ಛಾಯೆಯಿದೆ ಎಂದು ಹಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಫಿರ್‌ಔನನ ಜನರನ್ನು ಹಿಡಿದ ಕ್ಷಾಮಕ್ಕೆ ಬಂದಿರುವುದು ಮೊದಲ ಪದ. ಹಝ್ರತ್ ಯೂಸುಫ್(ಅ)ರು ಅರಸನ ಕನಸನ್ನು ವಿವರಿಸುವಾಗ ಬೆವರು ಸುರಿಸಿ ದುಡಿಯಬೇಕಾದ ಏಳು ವರ್ಷಗಳಿಗೂ ಮೊದಲ ಪದವೇ. ಕೊನೆಗೆ ಮಳೆ ಬರುವ ಆ ಒಂದು ವರ್ಷಕ್ಕೆ ಮಾತ್ರ ಎರಡನೆಯ ಪದ. ಕೆರೆ ಕೋಡಿ ಬಿದ್ದ ವರ್ಷ ಎಂದು ಹೇಳಿದ ಆ ಗುಂಡ್ಲುಪೇಟೆಯ ದಾದಿಗೆ ಈ ಅರಬಿ ವ್ಯಾಕರಣ ಗೊತ್ತಿರಲಿಲ್ಲ. ಆದರೆ ಅದರ ಮರ್ಮ ಗೊತ್ತಿತ್ತು. ಇಷ್ಟು ಹೇಳಿ ಇನ್ನೊಂದನ್ನು ಹೇಳದಿದ್ದರೆ ತಪ್ಪಾದೀತು. ಯೂಸುಫ್(ಅ)ರು ವರ್ಷಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ಕಣಜ ಕಟ್ಟಿದರು, ಧಾನ್ಯದ ಲೆಕ್ಕ ಇಟ್ಟರು.

ಕನ್ನಡದ ಸರಕಾರಿ ಕಡತಗಳಲ್ಲಿ ಇನ್ನೊಂದು ಪದವಿದೆ: ಸಾಲು. "2024-25ನೇ ಸಾಲಿನ ಆಯವ್ಯಯ" ಎಂದು ಓದುವಾಗ ಅದು ನೇಗಿಲ ಸಾಲು ಎಂದೇ ಅನೇಕರು ಭಾವಿಸುತ್ತಾರೆ. ವಸ್ತುತಃ ಅದು ಪಾರಸಿಯ 'ಸಾಲ್', ಅಂದರೆ ವರ್ಷ. ಆಡಳಿತದೊಂದಿಗೆ ಬಂದು ಕನ್ನಡದ ಉಕಾರ ಹಚ್ಚಿಕೊಂಡು ಇಲ್ಲಿಯವನೇ ಆಗಿಬಿಟ್ಟ ಪದ. ಕಂದಾಯ ದಾಖಲೆಗಳ 'ಫಸಲಿ'ಯೂ ಹಾಗೆಯೇ. ಹಿಜರಿ ವರ್ಷ ಸೂರ್ಯಮಾನಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಆ ಲೆಕ್ಕದಲ್ಲಿ ಕಂದಾಯ ಕೇಳಿದರೆ ರೈತ ಪೈರು ಕುಯ್ಯುವ ಮೊದಲೇ ಹಣ ಕಟ್ಟಬೇಕಾದೀತು. ಅಕ್ಬರನ ಆಡಳಿತ ಫಸಲನ್ನು ಆಧರಿಸಿದ ವರ್ಷವನ್ನು ತಂದದ್ದು ಈ ಕಾರಣಕ್ಕೆ. ಮದ್ರಾಸ್ ಪ್ರಾಂತ್ಯದಲ್ಲಿ ಅದು ಜುಲೈ 1ಕ್ಕೆ ಆರಂಭವಾಗುತ್ತಿತ್ತು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರ ತನಕ ಆ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಅಲ್ಲಿಯ ಹಳೆಯ ಜಮೀನು ಪತ್ರಗಳ ವರ್ಷವನ್ನು ಇಸವಿಗೆ ತರಬೇಕಾದರೆ 590 ಕೂಡಿಸಬೇಕು.

ಟಿಪ್ಪು ಸುಲ್ತಾನರ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಅವರನ್ನು ಮತಾಂಧ ಎನ್ನುವವರೂ, ಅವರ ಹೆಸರಿನಲ್ಲಿ ಮೆರವಣಿಗೆ ತೆಗೆಯುವವರೂ ಈ ವಿಷಯ ಓದಿರುವುದು ಕಡಿಮೆ. 1787ರ ಸುಮಾರಿಗೆ ಅವರು ತಮ್ಮ ನಾಣ್ಯಗಳಲ್ಲಿ ಹಿಜರಿಯನ್ನು ಬಿಟ್ಟು 'ಮೌಲೂದಿ' ಎಂಬ ಹೊಸ ಗಣನೆಯನ್ನು ತಂದರು. ಹೆಸರು ಪ್ರವಾದಿ(ಸ)ಯವರ ಜನನದ್ದು. ಆದರೆ ಅದರ ಒಡಲು ಈ ನಾಡಿನ ಪಂಚಾಂಗದ್ದೇ. ಅಧಿಕ ಮಾಸ ಸೇರಿಸಿ ಸೂರ್ಯನೊಂದಿಗೆ ಹೊಂದಿಸಿದ ಚಾಂದ್ರಮಾಸಗಳು, ಹೊಸ ಹೆಸರು ಹೊತ್ತ ಅರವತ್ತು ಸಂವತ್ಸರಗಳ ಚಕ್ರ. ಅಧಿಕ ಮಾಸ ಸೇರಿಸಿ ತಿಂಗಳುಗಳನ್ನು ಹಿಂದುಮುಂದು ಮಾಡುವ ಪದ್ಧತಿಯನ್ನು ಕುರ್‌ಆನ್ ನಿಷೇಧಿಸಿದೆ, ನಿಜ. ಹಜ್ಜ್, ಉಪವಾಸ, ಈದ್, ಇದ್ದತ್ ಇವು ಚಂದ್ರನನ್ನೇ ಅನುಸರಿಸಬೇಕು. ಆದರೆ ಮೈಸೂರಿನ ರೈತನ ಕಂದಾಯಕ್ಕೆ ಅದನ್ನು ಹೇರಬಾರದೆಂಬ ವಿವೇಕ ಆ ಅರಸನಿಗಿತ್ತು.

ಝಕಾತ್‌ನ ವಿಷಯದಲ್ಲಿ ನಮ್ಮ ವ್ಯಾಪಾರಿಗಳು ಇದರ ವಿರುದ್ಧ ದಿಕ್ಕಿನ ತಪ್ಪು ಮಾಡುತ್ತಿದ್ದಾರೆ. ಸಂಪತ್ತಿನ ಮೇಲಿನ ಝಕಾತ್‌ಗೆ ನಿಸಾಬ್ ತಲುಪಿ ಒಂದು 'ಹೌಲ್', ಅಂದರೆ ಚಾಂದ್ರಮಾನದ ಒಂದು ವರ್ಷ, ಪೂರ್ಣಗೊಳ್ಳಬೇಕು. ಆದರೆ ಅಂಗಡಿಯ ಲೆಕ್ಕಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಲೆಕ್ಕಿಗ ಕೊಟ್ಟ ಮೊತ್ತದ ಮೇಲೆ ಶೇಕಡಾ ಎರಡೂವರೆ ಹಾಕಿ ನಿರಾಳವಾಗುತ್ತಾರೆ. ಸೂರ್ಯಮಾನದ 33 ವರ್ಷಗಳಲ್ಲಿ ಚಾಂದ್ರಮಾನದ 34 ವರ್ಷಗಳಿವೆ. ಬದುಕಿನುದ್ದಕ್ಕೂ ಹೀಗೆ ಕೊಟ್ಟವನು ಬಡವರ ಒಂದು ಇಡೀ ವರ್ಷದ ಹಕ್ಕನ್ನು ಅರಿವಿಲ್ಲದೆ ತನ್ನಲ್ಲೇ ಇರಿಸಿಕೊಂಡಿರುತ್ತಾನೆ. ಪರಿಹಾರ ಕಷ್ಟದ್ದಲ್ಲ. ಸೌರವರ್ಷದ ಲೆಕ್ಕವೇ ಅನಿವಾರ್ಯವಾದರೆ ಒಂದು ಲಕ್ಷಕ್ಕೆ 2,500ರ ಬದಲು 2,577 ರೂಪಾಯಿ ಕೊಡಲಿ. ಬೆಳೆಗಾದರೋ ಹೌಲ್‌ನ ಪ್ರಶ್ನೆಯೇ ಇಲ್ಲ, ಕುಯ್ದ ದಿನವೇ ಅದರ ವರ್ಷ. ಮಳೆಯಿಂದ ಬೆಳೆದದ್ದಕ್ಕೆ ಹತ್ತರಲ್ಲೊಂದು, ಖರ್ಚು ಮಾಡಿ ನೀರು ಹಾಯಿಸಿದ್ದಕ್ಕೆ ಇಪ್ಪತ್ತರಲ್ಲೊಂದು. ಇಮಾಮ್ ಅಬೂ ಹನೀಫಾರ ಅಭಿಪ್ರಾಯದಲ್ಲಿ ತರಕಾರಿಯೂ ಇದರಿಂದ ಹೊರತಲ್ಲ. ಬೋರ್‌ವೆಲ್ ನೀರಿನಲ್ಲಿ ಅರಿಸಿನ, ಈರುಳ್ಳಿ, ಬಾಳೆ ಬೆಳೆಯುವ ನಮ್ಮ ಸಹೋದರರಲ್ಲಿ ಎಷ್ಟು ಮಂದಿ ಹೊಲದಲ್ಲೇ ಈ ಪಾಲನ್ನು ತೆಗೆದಿಡುತ್ತಾರೆ?

ಮಸೀದಿ ಕಮಿಟಿಗಳ ವರ್ಷವಂತೂ ಬಲು ವಿಚಿತ್ರ. ಚಂದಾ ಎತ್ತುವುದು ರಮಝಾನಿನಿಂದ ರಮಝಾನಿಗೆ. ಅಂಗಡಿ ಮಳಿಗೆಯ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ, ಏಕೆಂದರೆ ವರ್ಷ ದಾಟಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಆ ಹನ್ನೊಂದು ತಿಂಗಳು ನವೀಕರಣಗೊಳ್ಳುತ್ತಾ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಸಾಗುತ್ತದೆ, ಬಾಡಿಗೆ ಮಾತ್ರ ತಾತನ ಕಾಲದ್ದೇ. ಇತ್ತ ವಕ್ಫ್ ಕಾನೂನು ಕೇಳುವುದು ಮಾರ್ಚ್ 31ಕ್ಕೆ ಮುಗಿಯುವ ಹನ್ನೆರಡು ತಿಂಗಳ ಲೆಕ್ಕವನ್ನು. ಒಂದು ಕಮಿಟಿಯ ವಾರ್ಷಿಕ ಸಭೆಗೆ ನಾವು ಹೋಗಿದ್ದಾಗ ಹಿಂದಿನ ವಾರ್ಷಿಕ ಸಭೆ ನಡೆದು ನಾಲ್ಕು ವರ್ಷಗಳಾಗಿದ್ದವು! 2025ರ ವಕ್ಫ್ ತಿದ್ದುಪಡಿಯ ವಿರುದ್ಧ ಸಮುದಾಯ ಎತ್ತಿದ ಧ್ವನಿ ನ್ಯಾಯಯುತವಾದುದೇ. ಆದರೆ ಅಂದು ಬೀದಿಗಿಳಿದ ಕಮಿಟಿಗಳಲ್ಲಿ ಎಷ್ಟು ತಮ್ಮ ಜಮಾಅತಿಗೆ ವರ್ಷದ ಲೆಕ್ಕವನ್ನು ಓದಿ ಹೇಳಿದ್ದವು ಎಂದು ಕೇಳುವ ಹಕ್ಕು ನಮಗಿದೆ.

ರಾಜಕಾರಣಿಗಳಿಗೆ ಚಾಮರಾಜನಗರದ ಹೆಸರು ಕೇಳಿದಾಗ ನೆನಪಾಗುವ ವರ್ಷ ಬೇರೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಆರು ತಿಂಗಳಲ್ಲೋ ವರ್ಷದೊಳಗೋ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಮೂಢನಂಬಿಕೆ ದಶಕಗಳಿಂದ ಓಡಾಡುತ್ತಿದೆ. ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಪಟ್ಟಿ ಕೊಡುತ್ತಾರೆ. ರಾಮಕೃಷ್ಣ ಹೆಗಡೆಯವರು 1988ರಲ್ಲಿ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಿಂದ. ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು 1989ರಲ್ಲಿ ವಜಾ ಮಾಡಿದ್ದು 356ನೇ ವಿಧಿ. ಆ ಪ್ರಕರಣದಲ್ಲೇ 1994ರಲ್ಲಿ ಸುಪ್ರೀಂ ಕೋರ್ಟಿನ ಐತಿಹಾಸಿಕ ತೀರ್ಪು ಬಂತು. ವೀರೇಂದ್ರ ಪಾಟೀಲರು 1990ರಲ್ಲಿ ಅನಾರೋಗ್ಯ, ಕೋಮುಗಲಭೆ ಮತ್ತು ಹೈಕಮಾಂಡಿನ ನಡುವೆ ಸಿಲುಕಿ ಅಧಿಕಾರ ಕಳೆದುಕೊಂಡರು. 2007ರಲ್ಲಿ ಧೈರ್ಯ ಮಾಡಿ ಬಂದ ಕುಮಾರಸ್ವಾಮಿಯವರು ಅದೇ ವರ್ಷ ಅಧಿಕಾರ ಬಿಡಬೇಕಾಯಿತು, ಕಾರಣ ಇಪ್ಪತ್ತು ತಿಂಗಳ ಹಂಚಿಕೆಯ ಒಪ್ಪಂದ. ಇದರಲ್ಲಿ ಚಾಮರಾಜನಗರದ ಮಣ್ಣಿನ ಅಪರಾಧವೇನು? ಈ ಊರಿನಿಂದ ದೂರವೇ ಉಳಿದವರು ಕುರ್ಚಿಯಲ್ಲಿ ಉಳಿದರೇ? ಇಲ್ಲ. ಆರು ತಿಂಗಳು ಸಾಲದಿದ್ದರೆ ವರ್ಷ, ವರ್ಷ ಸಾಲದಿದ್ದರೆ ಮುಂದಿನ ಚುನಾವಣೆ ಎಂದು ಎಳೆಯುತ್ತಾ ಹೋದರೆ ಯಾವ ಊರಿಗೆ ಬೇಕಾದರೂ ಈ ಕಳಂಕ ಹಚ್ಚಬಹುದು.

1997ರಲ್ಲಿ ಈ ಜಿಲ್ಲೆಯ ಉದ್ಘಾಟನೆಯೂ ಜಿಲ್ಲಾ ಕೇಂದ್ರದಲ್ಲಿ ನಡೆಯಲಿಲ್ಲ. ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಸಿದ್ಧರಾಮಯ್ಯನವರು 2013ರಲ್ಲಿ ಬಂದರು, ಮತ್ತೆ ಮತ್ತೆ ಬಂದರು, 2018ರ ತನಕ ಐದು ವರ್ಷ ಪೂರೈಸಿದರು. ಮುಖ್ಯಮಂತ್ರಿಗಳು ಹೆದರಿ ದೂರ ಉಳಿದ ವರ್ಷಗಳಲ್ಲಿ ಜನರ ಅಹವಾಲು ಕೇಳಿದವರು ಯಾರು? 2021ರ ಮೇ 2ರ ರಾತ್ರಿ ಇದೇ ಊರಿನ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ರೋಗಿಗಳು ಪ್ರಾಣಬಿಟ್ಟರು. ಆ ಮೂಢನಂಬಿಕೆಗೂ ಈ ದುರಂತಕ್ಕೂ ನೇರ ನಂಟಿದೆಯೆಂದು ನಾವು ಹೇಳುವುದಿಲ್ಲ. ಆದರೆ ತನ್ನ ಕುರ್ಚಿಯ ವರ್ಷವನ್ನಷ್ಟೇ ಎಣಿಸುವ ರಾಜಕೀಯ, ಜನರ ಆಯುಷ್ಯದ ವರ್ಷಗಳ ಬಗ್ಗೆ ಎಷ್ಟು ಕಾಳಜಿ ವಹಿಸೀತು? ಆ ಕುಟುಂಬಗಳಿಗೆ ವರ್ಷವೆಂದರೆ ಮೇ ತಿಂಗಳಿಂದ ಮೇ ತಿಂಗಳಿಗೆ.

ಇಷ್ಟಕ್ಕೂ ಮುಖ್ಯಮಂತ್ರಿಗಳನ್ನು ನೋಡಿ ನಗುವ ಮುನ್ನ ನಮ್ಮ ಮನೆಯೊಳಗೆ ನೋಡಿಕೊಳ್ಳಬೇಡವೇ? ಸಫರ್ ತಿಂಗಳ ಮೊದಲ ಹದಿಮೂರು ದಿನಗಳನ್ನು 'ತೇರಾ ತೇಝಿ' ಎಂದು ಕರೆದು ಶುಭಕಾರ್ಯ ಮುಂದೂಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮುಹರ್ರಮ್‌ನಲ್ಲಿ ನಿಕಾಹ್ ಮಾಡಲು ಅಂಜುವವರಿದ್ದಾರೆ. ಅಪಶಕುನವೂ ಇಲ್ಲ, ಸಫರಿನ ಕೇಡೂ ಇಲ್ಲವೆಂದು ಪ್ರವಾದಿ(ಸ)ಯವರು ಸ್ಪಷ್ಟಪಡಿಸಿ ಹದಿನಾಲ್ಕು ಶತಮಾನಗಳೇ ಕಳೆದಿವೆ. ಆಷಾಢ ಅಶುಭವೆಂದು ನವದಂಪತಿಗಳನ್ನು ಬೇರೆ ಬೇರೆ ಇರಿಸುವ ಈ ನಾಡಿನಲ್ಲಿ, ಚಾಮರಾಜನಗರದ ಚಾಮರಾಜೇಶ್ವರನ ರಥ ಮಾತ್ರ ಆಷಾಢದಲ್ಲೇ ಹೊರಡುತ್ತದೆ, ಅದನ್ನು ನೋಡಲು ನವದಂಪತಿಗಳು ಸಾಲುಗಟ್ಟುತ್ತಾರೆ. ಆ ಮಟ್ಟಿನ ಧೈರ್ಯವನ್ನು ನಮ್ಮ ಮೊಹಲ್ಲಾಗಳು ಸಫರ್ ತಿಂಗಳಲ್ಲಿ ತೋರಿಸಲು ಏನಡ್ಡಿ?

ಕಾನೂನಿನ ವರ್ಷಗಳನ್ನು ಎಣಿಸಹೊರಟರೆ ಪುಟ ಸಾಲದು. 1947ರ ಕೈಗಾರಿಕಾ ವಿವಾದ ಕಾಯ್ದೆ ಜಾರಿಯಲ್ಲಿದ್ದಾಗ ಅದರಲ್ಲಿ ಕಾರ್ಮಿಕ 240 ದಿನ ದುಡಿದರೆ ಒಂದು ವರ್ಷವಾಗುತ್ತಿತ್ತು. 239ಕ್ಕೆ ಕೆಲಸ ಬಿಡಿಸುವ ಚತುರರು ಹುಟ್ಟಿಕೊಂಡದ್ದೂ ಆ ಕಾಯ್ದೆಯ ಜೊತೆಯಲ್ಲೇ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ ಬ್ರಿಟಿಷರು 1867ರಲ್ಲಿ ತಂದದ್ದು. ಮುಂಗಾರಿಗೂ ಅದಕ್ಕೂ ತಾಳೆಯಿಲ್ಲವೆಂದು 1980ರ ದಶಕದಲ್ಲಿ ಎಲ್.ಕೆ. ಝಾ ಸಮಿತಿ ಹೇಳಿದರೂ ಅದು ಕದಲಲಿಲ್ಲ. ಆದಾಯ ತೆರಿಗೆಯಲ್ಲಿ 'ಹಿಂದಿನ ವರ್ಷ', 'ನಿರ್ಧರಣಾ ವರ್ಷ' ಎಂಬ ಎರಡು ವರ್ಷಗಳಿದ್ದವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಅವೆರಡನ್ನೂ ಒಂದೇ 'ತೆರಿಗೆ ವರ್ಷ' ಮಾಡಿತು.

ನಮ್ಮ ಸಮುದಾಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಒಂದು ಪುಟ್ಟ ವಾಕ್ಯ. ಕಾನೂನಿನಲ್ಲಿ ವರ್ಷವೆಂದರೆ ಬ್ರಿಟಿಷ್ ಪಂಚಾಂಗದ ವರ್ಷವೆಂದು ಅದು ತೀರ್ಮಾನಿಸಿದೆ. ಮಗಳಿಗೆ ಹದಿನೆಂಟು ಆಯಿತೆಂದು ಚಾಂದ್ರಮಾನದಲ್ಲಿ ಎಣಿಸುವ ಅಜ್ಜಿಯಂದಿರಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಆ ಹುಡುಗಿಗೆ ಹದಿನೇಳೂವರೆಯೂ ತುಂಬಿರುವುದಿಲ್ಲ. ಮದುವೆ ನಿಶ್ಚಯಿಸಿ ಆಮಂತ್ರಣ ಹಂಚಿದ ಮೇಲೆ ಅಧಿಕಾರಿಗಳು ಬಂದರೆ ಅದನ್ನು ಸಮುದಾಯದ ಮೇಲಿನ ದಾಳಿ ಎನ್ನುವುದು ಸರಿಯಲ್ಲ. ಓದಬೇಕಾದ ಹುಡುಗಿಯ ಆ ವರ್ಷವನ್ನು ನಾವೇ ಕಸಿಯುತ್ತಿದ್ದೇವೆ. ಹಾಗೆಯೇ ಶಾಲೆಗೆ ಬೇಗ ಸೇರಿಸಬೇಕೆಂದು ಮಗುವಿನ ಹುಟ್ಟಿದ ದಿನವನ್ನು ಜೂನ್ ಒಂದರ ಆಚೀಚೆಗೆ ಸರಿಸುವ ಚಟ ಎಲ್ಲ ಸಮುದಾಯಗಳಲ್ಲೂ ಇದೆ. ಆ ಒಂದು ಸುಳ್ಳು ಮುಂದೆ ಪಾಸ್‌ಪೋರ್ಟಿನಲ್ಲಿ, ನೌಕರಿಯಲ್ಲಿ, ಮತದಾರರ ಪಟ್ಟಿಯ ಪರಿಷ್ಕರಣೆಯಲ್ಲಿ ಎದುರಾಗಿ ನಿಲ್ಲುತ್ತದೆ.

ಜನನ ಮರಣ ನೋಂದಣಿಯ 1969ರ ಕಾಯ್ದೆಯಲ್ಲೂ ಒಂದು ವರ್ಷದ ಗೆರೆಯಿದೆ. ಹುಟ್ಟಿದ 21 ದಿನಗಳೊಳಗೆ ತಿಳಿಸಿದರೆ ಯಾವ ತೊಂದರೆಯೂ ಇಲ್ಲ. ವರ್ಷದೊಳಗೆ ಎಚ್ಚೆತ್ತರೂ ದಂಡ ಮತ್ತು ಅನುಮತಿಯಿಂದ ಮುಗಿಯುತ್ತದೆ. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ, ಆ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಎಲ್ಲದಕ್ಕೂ ಆಧಾರ. ಏಳನೆಯ ದಿನದ ಅಕೀಕಾವನ್ನು ಮರೆಯದ ಸಮುದಾಯ ಇಪ್ಪತ್ತೊಂದನೆಯ ದಿನವನ್ನು ಮರೆಯಬೇಕೇ? ಹಿಜರಿ ಶಕೆಯೇ ಹುಟ್ಟಿದ್ದು ಕಾಗದದ ಗೊಂದಲದಿಂದ ಎಂಬುದನ್ನು ನಮ್ಮ ಖತೀಬರು ಜುಮಾದ ಪ್ರವಚನದಲ್ಲಿ ಹೇಳಬೇಕು. ಖಲೀಫಾ ಉಮರ್(ರ)ರ ಬಳಿಗೆ ಬರುತ್ತಿದ್ದ ಪತ್ರಗಳಲ್ಲಿ ಯಾವ ವರ್ಷದ್ದೆಂದು ತಿಳಿಯದೆ ಆಡಳಿತಕ್ಕೆ ತೊಡಕಾದಾಗಲೇ ಅವರು ಸಹಾಬಿಗಳೊಂದಿಗೆ ಸಮಾಲೋಚಿಸಿ ಹಿಜ್ರಾದಿಂದ ವರ್ಷ ಎಣಿಸಲು ತೀರ್ಮಾನಿಸಿದರು. ಹುಟ್ಟು, ಮದುವೆ, ಸಾಲ, ವಕ್ಫ್ ಎಲ್ಲವನ್ನೂ ಬರೆದಿಡಬೇಕೆಂಬ ಪಾಠ ನಮ್ಮದೇ ಮನೆಯದು.

ಗುಂಡ್ಲುಪೇಟೆಯ ಆ ತರುಣ ಅಲ್ಲಿಗೇ ಬಿಡಲಿಲ್ಲ. ಕೆರೆ ಕೋಡಿ ಬಿದ್ದ ವರ್ಷ ಯಾವುದೆಂದು ಊರ ಹಿರಿಯರನ್ನು ವಿಚಾರಿಸಿ ಎರಡು ಮೂರು ಇಸವಿಗಳನ್ನು ಗುರುತು ಹಾಕಿಕೊಂಡ. ನಿಕಾಹ್ ದಫ್ತರಿನಲ್ಲಿ ವಧುವಿನ ವಯಸ್ಸು ಬರೆಯುತ್ತಾರಲ್ಲ, ಅದು ಸಿಕ್ಕಿದರೆ ತಾಲೂಕು ಕಚೇರಿಯಲ್ಲಿ ತೋರಿಸಬಹುದೆಂದು ದಾದಿಯ ತವರಿನ ಜಮಾಅತಿಗೆ ಹೋದ. ಬೀರುವಿನ ಕೀಲಿ ಹುಡುಕಲು ಎರಡು ದಿನ ಹಿಡಿಯಿತು. ಉರ್ದುವಿನಲ್ಲಿ ಬರೆದ ಹಳೆಯ ದಫ್ತರು ಇತ್ತು. ಆದರೆ ಆ ವರ್ಷಗಳ ಹಾಳೆಗಳನ್ನು ಗೆದ್ದಲು ತಿಂದಿತ್ತು. ಈಗ ಆತ ವಯಸ್ಸಿನ ದೃಢೀಕರಣಕ್ಕಾಗಿ ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ಯಲು ಓಡಾಡುತ್ತಿದ್ದಾನೆ.